ಫ್ರೆಶರ್ ವೆಬ್ ಅನಲಿಸ್ಟ್ ಬೇಕು: ಇಂಟರ್ವ್ಯೂನಲ್ಲಿ ಏನು ಕೇಳ್ತೀರಿ?

ಥಾಣೆ ಕನ್ನಡಿಗ | ಶನಿವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಮುಂಬೈ, ಪುಣೆ, ಗೋವಾದಲ್ಲಿರುವ ನಮ್ಮವರಲ್ಲಿ ಒಂದು ವಿಷಯ ಕೇಳಬೇಕಿತ್ತು.

ನಾನು ಥಾಣೆಯ ವಾಗ್ಳೆ ಎಸ್ಟೇಟ್‌ನಲ್ಲಿ ಕೆಲಸ ಮಾಡುತ್ತೇನೆ. ಅಡುಗೆಮನೆ ಸಾಮಾನು ಆನ್‌ಲೈನ್‌ನಲ್ಲಿ ಮಾರುವ ಸಣ್ಣ ಕಂಪನಿ. ಕುಕ್ಕರ್, ಇಡ್ಲಿ ಸ್ಟ್ಯಾಂಡ್, ಚಕ್ಕುಲಿ ಒರಳು, ಮೋದಕದ ಅಚ್ಚು, ಎಲ್ಲ ಇದೆ. ಸೈಟಿಗೆ ಎಷ್ಟು ಜನ ಬಂದರು, ಎಲ್ಲಿಂದ ಬಂದರು, ಎಲ್ಲಿ ಬಿಟ್ಟು ಹೋದರು ಅಂತ ನೋಡುವುದು ಇಷ್ಟು ದಿನ ನನ್ನೊಬ್ಬನ ಕೆಲಸವಾಗಿತ್ತು. ಈಗ ಇಬ್ಬರು ಫ್ರೆಶರ್‌ಗಳನ್ನು ತೆಗೆದುಕೊಳ್ಳಲು ಒಪ್ಪಿಗೆ ಸಿಕ್ಕಿದೆ.

ಕಳೆದ ವಾರ 11 ಜನರನ್ನು ನೋಡಿದೆ. 11 ಜನರ ಹತ್ತಿರವೂ ಗೂಗಲ್ ಅನಲಿಟಿಕ್ಸ್ (ಈ ಲೆಕ್ಕ ಇಡುವ ಗೂಗಲ್‌ನ ಟೂಲ್) ಸರ್ಟಿಫಿಕೇಟ್ ಇತ್ತು. ಸೆಷನ್ ಅಂದ್ರೆ ಏನು ಅಂತ ಕೇಳಿದೆ. ಹೆಚ್ಚಿನವರು ಗಿಳಿಪಾಠ ಒಪ್ಪಿಸಿದರು. ಆಮೇಲೆ ಹೀಗೆ ಕೇಳಿದೆ: ಒಬ್ಬರು ಬೆಳಗ್ಗೆ 10ಕ್ಕೆ ಕುಕ್ಕರ್ ಪೇಜ್ ತೆರೆದರು. ಹಾಗೇ ಇಟ್ಟು ಮೀಟಿಂಗ್‌ಗೆ ಹೋದರು. 11ಕ್ಕೆ ವಾಪಸ್ ಬಂದು ಅದೇ ಪೇಜ್‌ನಿಂದ ಕೊಂಡರು. ಎಷ್ಟು ಸೆಷನ್?

ಎರಡು ಅಂತ ಕಾರಣ ಸಮೇತ ಹೇಳಿದ್ದು ಒಬ್ಬನೇ ಹುಡುಗ. ಅರ್ಧ ಗಂಟೆ ಸುಮ್ನೆ ಇದ್ದರೆ ಸೆಷನ್ ಮುಗಿಯುತ್ತೆ, ಸೆಟಿಂಗ್ ಬದಲಾಯಿಸಿಲ್ಲ ಅಂದ್ರೆ ಮಾತ್ರ ಅಂತಲೂ ಸೇರಿಸಿದ. ಆದರೆ ಅವನ ಇಂಗ್ಲಿಷ್ ತಡವರಿಸುತ್ತೆ. ಎಚ್‌ಆರ್‌ನವರು ಅವನಿಗೇ ಎಲ್ಲರಿಗಿಂತ ಕಡಿಮೆ ಮಾರ್ಕ್ಸ್ ಕೊಟ್ಟಿದ್ದಾರೆ.

ನೀವಾದರೆ ಏನು ಕೇಳ್ತೀರಿ? ಏನು ನೋಡಿ ಆರಿಸ್ತೀರಿ? ಸಂಬಳ ವರ್ಷಕ್ಕೆ 3.6 ಲಕ್ಷ ಅಂತ ನಿಗದಿ ಮಾಡಿದ್ದಾರೆ.

ಡೊಂಬಿವ್ಲಿ ಫಾಸ್ಟ್ | 9:20

ಆ ಹುಡುಗನನ್ನೇ ತಗೊಳ್ಳಿ. ಇದರಲ್ಲಿ ಕೇಳೋದು ಏನಿದೆ?

ಹಿಂಜೇವಾಡಿ ಅಕ್ಕ | 9:34

ಅಷ್ಟು ಸುಲಭ ಅಲ್ಲ. ನಾನು ಆರು ವರ್ಷದಿಂದ ಹಿಂಜೇವಾಡಿಯಲ್ಲಿ ಇದೇ ಕೆಲಸದಲ್ಲಿದ್ದೇನೆ. ಲೆಕ್ಕ ಗೊತ್ತಿದ್ದು ಅದನ್ನು ಮಾರ್ಕೆಟಿಂಗ್‌ನವರಿಗೆ ತಿಳಿಸಿ ಹೇಳಲು ಬಾರದಿದ್ದರೆ ಆ ಲೆಕ್ಕ ಲ್ಯಾಪ್‌ಟಾಪ್‌ನಲ್ಲೇ ಉಳಿಯುತ್ತೆ. ಹಾಗಂತ ಇಂಟರ್ವ್ಯೂನ ಪಟಪಟ ಇಂಗ್ಲಿಷ್‌ಗೂ ಇದಕ್ಕೂ ಸಂಬಂಧ ಇಲ್ಲ.

ನಾನು ಮಾತುಕತೆಯನ್ನು ಅವರಿಗೆ ಬರುವ ಭಾಷೆಯಲ್ಲೇ ಮಾಡುತ್ತೇನೆ. ಮರಾಠಿ, ಹಿಂದಿ, ಕನ್ನಡ, ಯಾವುದಾದರೂ ಸರಿ. ಕೊನೆಗೆ 20 ನಿಮಿಷ ಕೊಟ್ಟು, ಈಗ ನೋಡಿದ ರಿಪೋರ್ಟ್ ಬಗ್ಗೆ ಮ್ಯಾನೇಜರ್‌ಗೆ ನಾಲ್ಕು ಸಾಲಿನ ಮೇಲ್ ಬರೆಯಿರಿ ಅನ್ನುತ್ತೇನೆ. ಬರೆಯುವಾಗ ಯೋಚನೆಗೆ ಸಮಯ ಸಿಗುತ್ತೆ. ಮಾತಿನಲ್ಲಿ ತಡವರಿಸುವವರು ಎಷ್ಟೋ ಸಲ ತುಂಬಾ ಚೆನ್ನಾಗಿ ಬರೆಯುತ್ತಾರೆ. ಥಾಣೆಯವರೇ, ನಿಮ್ಮ ಹುಡುಗನಿಗೆ ಇದೊಂದು ಕೊಟ್ಟು ನೋಡಿ. ಎಚ್‌ಆರ್‌ಗೆ ತೋರಿಸಲು ಕೈಯಲ್ಲಿ ಒಂದು ಕಾಗದ ಇರುತ್ತೆ.

ಅಕ್ಕಲಕೋಟೆಯವ | 9:51

ಇದನ್ನು ಓದಿ ನನ್ನ ಕಥೆ ಹೇಳಬೇಕು ಅನಿಸಿತು ನೋಡ್ರಿ. ನಾನು ಅಕ್ಕಲಕೋಟೆ ತಾಲೂಕಿನ ಕನ್ನಡ ಶಾಲೆಯಲ್ಲಿ ಓದಿದವನು. ಪುಣೆಯಲ್ಲಿ ಮೊದಲ ಇಂಟರ್ವ್ಯೂ. ಕನ್ವರ್ಷನ್ ರೇಟ್ (ಸೈಟಿಗೆ ಬಂದವರಲ್ಲಿ ಕೊಂಡವರ ಪಾಲು) 2 ಪರ್ಸೆಂಟ್‌ನಿಂದ 3 ಪರ್ಸೆಂಟ್ ಆಯಿತು, ಎಷ್ಟು ಏರಿತು ಅಂತ ಕೇಳಿದರು. ಶೇ. 50 ಅಂದೆ. ಎದುರಿಗಿದ್ದವರು ತಲೆ ಅಲ್ಲಾಡಿಸಿ 1 ಪರ್ಸೆಂಟ್ ಅಂದುಬಿಟ್ಟರು. ಅದು 1 ಪರ್ಸೆಂಟೇಜ್ ಪಾಯಿಂಟ್, ಏರಿಕೆ ಮೂಲದ ಅರ್ಧದಷ್ಟು, ಅಂದ್ರೆ ಶೇ. 50. ನನಗೆ ಇದು ಚೆನ್ನಾಗಿ ಗೊತ್ತಿತ್ತು. ಶಾಲೆಯಲ್ಲಿ ಬಡ್ಡಿ ಲೆಕ್ಕ ಮಾಡಿಸುವಾಗಲೇ ಗುರುಗಳು ತಿದ್ದಿ ಹೇಳಿದ್ದರು. ಆದರೆ ವಾದ ಮಾಡುವಷ್ಟು ಇಂಗ್ಲಿಷ್ ಬಾಯಿಗೆ ಬರಲಿಲ್ಲ. ಎದ್ದು ಬಂದೆ. ಸ್ವಾರಗೇಟ್ ತನಕ ಬಸ್ಸಿನಲ್ಲಿ ಅದೇ ಲೆಕ್ಕ ಮನಸ್ಸಿನಲ್ಲಿ ಮಾಡುತ್ತಾ ಕೂತಿದ್ದೆ.

ಆ ಹುಡುಗನನ್ನು ಬಿಡಬೇಡಿ.

ಹಿಂಜೇವಾಡಿ ಅಕ್ಕ | 9:55

ಅಣ್ಣ, ಓದಿ ಬೇಜಾರಾಯ್ತು. ಆ ತಪ್ಪು ಇವತ್ತಿಗೂ ದೊಡ್ಡ ದೊಡ್ಡವರ ಪ್ರೆಸೆಂಟೇಶನ್‌ನಲ್ಲಿ ಇರುತ್ತೆ. ನಾನು ವಾರಕ್ಕೊಂದಾದರೂ ತಿದ್ದುತ್ತೇನೆ.

ಮಾಟುಂಗ ಕಾಫಿ | 10:08

ನನಗೆ ಕಂಪ್ಯೂಟರ್ ಅಷ್ಟಕ್ಕಷ್ಟೇ. ಮಗಳು ಇಂಥದ್ದೇ ಕೆಲಸದಲ್ಲಿದ್ದಾಳೆ, ಹಾಗಾಗಿ ಓದುತ್ತಾ ಬಂದೆ. 30 ನಿಮಿಷದ ಲೆಕ್ಕ ಏನು ಮಾರಾಯ್ರೆ? ಮನುಷ್ಯ ಒಬ್ಬನೇ ಅಲ್ವಾ?

ನೆರೂಲ್ ನಿವಾಸಿ | 10:15

ಮಾಮ, ನೀವು ಹೋಟೆಲ್‌ನವರಲ್ವಾ, ಗಲ್ಲಾಪೆಟ್ಟಿಗೆ ಮುಂದೆ ಕೂತ ಹಾಗೇ ನೋಡಿ. ಒಬ್ಬರು ಬೆಳಗ್ಗೆ ಕಾಫಿಗೆ ಬಂದರು, ಸಂಜೆ ಮಸಾಲೆ ದೋಸೆಗೆ ಬಂದರು. ಗಿರಾಕಿ ಒಬ್ಬರೇ, ಬಂದದ್ದು ಎರಡು ಸಲ. ಗಿರಾಕಿ ಅಂದ್ರೆ ಯೂಸರ್, ಬಂದ ಸಲ ಅಂದ್ರೆ ಸೆಷನ್. ಕಾಫಿ ಕುಡಿಯುತ್ತಾ ಫೋನ್ ಬಂತು ಅಂತ ಹೊರಗೆ ಹೋಗಿ ಹತ್ತು ನಿಮಿಷಕ್ಕೆ ಬಂದರೆ ಅದೇ ಬಿಲ್ ಮುಂದುವರಿಯುತ್ತೆ. ಒಂದು ಗಂಟೆ ಬಿಟ್ಟು ಬಂದರೆ ನೀವು ಹೊಸ ಬಿಲ್ ಹಾಕ್ತೀರಿ. ಆ ಗಡಿಯನ್ನು ಗೂಗಲ್‌ನವರು 30 ನಿಮಿಷಕ್ಕೆ ಇಟ್ಟಿದ್ದಾರೆ, ಬೇಕಾದರೆ ಬದಲಾಯಿಸಬಹುದು.

ಮಾಟುಂಗ ಕಾಫಿ | 10:22

ಹಾಗೆ ಹೇಳಿದರೆ ತಲೆಗೆ ಹೋಗುತ್ತೆ. ಬಾಗಿಲಲ್ಲಿ ನಿಂತು ಮೆನು ಬೋರ್ಡ್ ನೋಡಿ ವಾಪಸ್ ಹೋಗುವವರು?

ನೆರೂಲ್ ನಿವಾಸಿ | 10:25

ಅವರೇ ಬೌನ್ಸ್.

ವಾಗ್ಳೆ ಟ್ಯಾಗ್ | 10:31

ಸ್ವಲ್ಪ ತಿದ್ದುಪಡಿ. ಹಳೆಯ ಯೂನಿವರ್ಸಲ್ ಅನಲಿಟಿಕ್ಸ್‌ನಲ್ಲಿ ಒಂದೇ ಪೇಜ್ ನೋಡಿ ಬೇರೇನೂ ಮಾಡದೆ ಹೋದರೆ ಬೌನ್ಸ್. ಒಬ್ಬರು ಒಂದು ಪಾಕವಿಧಾನವನ್ನು ಎಂಟು ನಿಮಿಷ ಓದಿ, ಖುಷಿಯಾಗಿ ಮುಚ್ಚಿ ಹೋದರೂ ಬೌನ್ಸ್ ಅಂತಲೇ ಬರುತ್ತಿತ್ತು. ಅದು ಸರಿಯಿರಲಿಲ್ಲ. ಈಗಿನ ಜಿಎ4ನಲ್ಲಿ (ಗೂಗಲ್ ಅನಲಿಟಿಕ್ಸ್ 4) 10 ಸೆಕೆಂಡ್‌ಗಿಂತ ಜಾಸ್ತಿ ಇದ್ದರೆ, ಅಥವಾ ಎರಡು ಪೇಜ್ ನೋಡಿದರೆ, ಅಥವಾ ಕೀ ಇವೆಂಟ್ (ಖರೀದಿಯಂಥ ಮುಖ್ಯ ಕ್ರಿಯೆ) ಒಂದು ಆದರೆ ಅದು ಎಂಗೇಜ್ಡ್ ಸೆಷನ್. ಈ ಮೂರರಲ್ಲಿ ಯಾವುದೂ ಇಲ್ಲದ್ದು ಬೌನ್ಸ್. ಹಳೆಯ ಬೌನ್ಸ್ ರೇಟ್ ಮತ್ತು ಹೊಸ ಬೌನ್ಸ್ ರೇಟ್ ಅಕ್ಕಪಕ್ಕ ಇಟ್ಟು ಸೈಟ್ ಸುಧಾರಿಸಿದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹೆಸರು ಒಂದೇ, ಅಳತೆ ಬೇರೆ.

ಇದನ್ನೇ ಇಂಟರ್ವ್ಯೂನಲ್ಲಿ ಕೇಳಬಹುದು.

ಡೊಂಬಿವ್ಲಿ ಫಾಸ್ಟ್ | 10:36

ಮಧ್ಯರಾತ್ರಿ ದಾಟಿದರೂ ಹೊಸ ಸೆಷನ್ ಶುರುವಾಗುತ್ತೆ ಅಲ್ವಾ? ಅದನ್ನೂ ಕೇಳಿ.

ವಾಗ್ಳೆ ಟ್ಯಾಗ್ | 10:38

ಅದು ಯೂನಿವರ್ಸಲ್‌ನ ನಿಯಮ. ಜಿಎ4ನಲ್ಲಿ ಇಲ್ಲ. ಯೂನಿವರ್ಸಲ್ 2023ರ ಜುಲೈ 1ಕ್ಕೆ ಡೇಟಾ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಈಗ ಓದು ಮುಗಿಸಿ ಬರುವ ಮಕ್ಕಳು ಅದನ್ನು ಕಣ್ಣಿನಲ್ಲಿ ನೋಡಿರುವುದೂ ಇಲ್ಲ. ನಮ್ಮ ಕಾಲದ ಪ್ರಶ್ನೆ ಕೇಳಿ ಅವರನ್ನು ಫೇಲ್ ಮಾಡುವುದು ಅನ್ಯಾಯ.

ನೆರೂಲ್ ನಿವಾಸಿ | 11:02

ನಮ್ಮಲ್ಲಿ ನಡೆದದ್ದು ಹೇಳುತ್ತೇನೆ, ಇದಕ್ಕೇ ನಾನು ಫ್ರೆಶರ್‌ಗಳ ಪರ. ಹಿಂದಿನ ಕಂಪನಿಯಲ್ಲಿ ನಾವೂ ಮನೆ ಸಾಮಾನು ಮಾರುತ್ತಿದ್ದೆವು. ಗಂಟೆವಾರು ರಿಪೋರ್ಟ್‌ನಲ್ಲಿ ದಿನಾ ಬೆಳಗ್ಗೆ 8:30ರ ಹೊತ್ತಿಗೆ ಅತಿ ಹೆಚ್ಚು ಖರೀದಿ ಕಾಣುತ್ತಿತ್ತು. ಸರಿ, ಬೆಳಗಿನ ಜಾಹೀರಾತಿಗೆ ಜಾಸ್ತಿ ದುಡ್ಡು ಹಾಕಿದೆವು. ನಾಲ್ಕು ತಿಂಗಳು ಹಾಗೇ ನಡೆಯಿತು.

ಕಲ್ಯಾಣದಿಂದ ಬರುತ್ತಿದ್ದ ಒಬ್ಬ ಹುಡುಗಿ ಟ್ರೇನಿಯಾಗಿ ಸೇರಿದಳು. ಎರಡನೇ ವಾರ ಆ ಚಾರ್ಟ್ ನೋಡುತ್ತಾ, "ಸರ್, ಎಂಟೂವರೆಗೆ ನಾನು ಲೋಕಲ್‌ನಲ್ಲಿ ಒಂದು ಕೈ ಹಿಡಿಕೆಯಲ್ಲಿ ಇಟ್ಟು ನಿಂತಿರ್ತೀನಿ. ಪಕ್ಕದವರ ಕೈಯಲ್ಲಿ ಫೋನ್ ತೆಗೆಯೋಕೂ ಜಾಗ ಇರಲ್ಲ. ಆ ಹೊತ್ತಿಗೆ ಮಿಕ್ಸರ್ ಯಾರು ಕೊಳ್ತಾರೆ?" ಅಂದಳು. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ.

ಸೆಟಿಂಗ್ ತೆಗೆದು ನೋಡಿದರೆ ಪ್ರಾಪರ್ಟಿಯ (ಅನಲಿಟಿಕ್ಸ್‌ನಲ್ಲಿ ನಮ್ಮ ಸೈಟಿನ ಖಾತೆ) ಟೈಮ್ ಝೋನ್ ಅಮೆರಿಕದ ಪೆಸಿಫಿಕ್ ಸಮಯಕ್ಕೇ ನಿಂತಿದೆ. ಬೇಸಿಗೆಯಲ್ಲಿ ನಮಗೂ ಅದಕ್ಕೂ ಹನ್ನೆರಡೂವರೆ ಗಂಟೆ ಅಂತರ. ಅಲ್ಲಿನ ಬೆಳಗಿನ 8:30 ಅಂದ್ರೆ ನಮ್ಮ ರಾತ್ರಿ 9. ಊಟ ಮುಗಿಸಿ, ಪಾತ್ರೆ ತೊಳೆದು, ಸೋಫಾದ ಮೇಲೆ ಕೂತ ಹೊತ್ತು. ಹಿಂದಿನ ವರ್ಷದ್ದು ತೆಗೆದು ನೋಡಿದೆವು. ನವೆಂಬರ್‌ನಲ್ಲಿ ಅದೇ ಏರು 7:30ಕ್ಕೆ ಸರಿದಿತ್ತು, ಯಾಕಂದರೆ ಅಲ್ಲಿ ಗಡಿಯಾರ ಹಿಂದೆ ಹಾಕುತ್ತಾರೆ, ನಮ್ಮಲ್ಲಿ ಹಾಕುವುದಿಲ್ಲ. ಸುಳಿವು ಕಣ್ಣ ಮುಂದೆಯೇ ಇತ್ತು. ಹತ್ತು ವರ್ಷದ ಅನುಭವ ಇದ್ದ ನಾವು ಮೂವರು ನೋಡಿರಲಿಲ್ಲ.

ಟೈಮ್ ಝೋನ್ ಸರಿ ಮಾಡಿದರೂ ಹಿಂದಿನ ಡೇಟಾ ಸರಿ ಹೋಗಲ್ಲ, ಮುಂದಿನದು ಮಾತ್ರ. ಅದನ್ನೂ ನೆನಪಿಡಿ.

ಅಕ್ಕಲಕೋಟೆಯವ | 11:10

ಆ ಹುಡುಗಿ ಈಗ ಎಲ್ಲಿದ್ದಾಳ್ರಿ?

ನೆರೂಲ್ ನಿವಾಸಿ | 11:13

ಬೇರೆ ಕಂಪನಿಯಲ್ಲಿ ಆರು ಜನರ ಟೀಮ್ ನೋಡಿಕೊಳ್ಳುತ್ತಿದ್ದಾಳೆ. ಹೋದ ದೀಪಾವಳಿಗೆ ಫೋನ್ ಮಾಡಿದ್ದಳು.

ಹಡಪ್ಸರ ಹೊಸಬಿ | ಭಾನುವಾರ ಬೆಳಗ್ಗೆ 7:40

ನಾನು ಈ ವರ್ಷ ಬಿಎಸ್‌ಸಿ ಮುಗಿಸಿ ಪುಣೆಯಲ್ಲಿ ಇದೇ ಕೆಲಸ ಹುಡುಕುತ್ತಿದ್ದೇನೆ. ನಮ್ಮ ಕಡೆಯಿಂದಲೂ ಒಂದು ಮಾತು ಕೇಳಿ.

ಎಲ್ಲರೂ ಅಸೈನ್‌ಮೆಂಟ್ ಕೊಡುತ್ತಾರೆ. ಒಂದು ಕಂಪನಿಯವರು ಅವರದೇ ಸೈಟ್‌ನ ಡೇಟಾ ಕೊಟ್ಟು, ಪೂರ್ತಿ ರಿಪೋರ್ಟ್ ಮಾಡಿ, ಏನು ಬದಲಾಯಿಸಬೇಕು ಅಂತ 15 ಸ್ಲೈಡ್ ಕಳಿಸಿ ಅಂದರು. ಮೂರು ರಾತ್ರಿ ಕೂತು ಮಾಡಿದೆ. ಚೆಕ್‌ಔಟ್‌ನಲ್ಲಿ ಪಿನ್‌ಕೋಡ್ ಕೊನೆಗೆ ಕೇಳುವುದರಿಂದ ಜನ ಬಿಟ್ಟು ಹೋಗುತ್ತಿದ್ದಾರೆ, ಮೊದಲೇ ಕೇಳಿ ಅಂತ ಬರೆದಿದ್ದೆ. ಉತ್ತರವೇ ಬರಲಿಲ್ಲ. ಒಂದು ತಿಂಗಳಾದ ಮೇಲೆ ಸೈಟ್ ನೋಡಿದರೆ ಪಿನ್‌ಕೋಡ್ ಮೊದಲ ಪೇಜ್‌ಗೆ ಬಂದಿದೆ. ಅದು ನನ್ನದೇ ಐಡಿಯಾ ಅಂತ ಸಾಧಿಸಲು ಆಗಲ್ಲ. ಆದರೆ ಕೆಲಸವೂ ಇಲ್ಲ, ಬೇಡ ಅನ್ನುವ ಒಂದು ಮೇಲ್ ಕೂಡ ಇಲ್ಲ. ತುಂಬಾ ನೋವಾಗುತ್ತೆ.

ಹಿಂಜೇವಾಡಿ ಅಕ್ಕ | 8:15

ತಂಗಿ, ಇದು ಸರಿಯಲ್ಲ. ಥಾಣೆಯವರೇ, ದಯವಿಟ್ಟು ಮನೆಗೆ ಕೆಲಸ ಕೊಡಬೇಡಿ. ಕೊಡಲೇಬೇಕು ಅಂದ್ರೆ ಗೂಗಲ್‌ನ ಡೆಮೊ ಅಕೌಂಟ್ ಇದೆ, ಅವರ ಮರ್ಚಂಡೈಸ್ ಸ್ಟೋರ್‌ನ ನಿಜವಾದ ಡೇಟಾ, ಯಾರು ಬೇಕಾದರೂ ಪುಕ್ಕಟೆ ತೆರೆಯಬಹುದು. ಆಫೀಸಿನಲ್ಲೇ ಪಕ್ಕದಲ್ಲಿ ಕೂತು ಒಂದು ಗಂಟೆ ಒಟ್ಟಿಗೆ ನೋಡಿ. ಅವರು ಯಾವ ಬಟನ್ ಒತ್ತುತ್ತಾರೆ ಅನ್ನುವುದಕ್ಕಿಂತ, ಎಲ್ಲಿ ನಿಂತು ಯೋಚಿಸುತ್ತಾರೆ ಅಂತ ನೋಡಿ.

ಹೊಸಬಿ, ನೀನೂ ಆ ಡೆಮೊ ಅಕೌಂಟ್‌ನಲ್ಲಿ ಕೈ ಪಳಗಿಸಿಕೋ. ಸರ್ಟಿಫಿಕೇಟ್‌ಗಿಂತ ಅದರಿಂದ ಹಿಡಿದ ಒಂದು ಸಂಗತಿ ಹೇಳಿದರೆ ನಾನಾದರೂ ಕಿವಿ ಕೊಡುತ್ತೇನೆ.

ಹಡಪ್ಸರ ಹೊಸಬಿ | 8:21

ಥ್ಯಾಂಕ್ಸ್ ಅಕ್ಕ. ಅದರಲ್ಲಿ ಹಳೆಯದು ಎರಡು ತಿಂಗಳು ಮಾತ್ರ ಇರುತ್ತೆ ಅಂತ ಯಾರೋ ಹೇಳಿದ್ದರು?

ವಾಗ್ಳೆ ಟ್ಯಾಗ್ | 8:40

ಅದು ಅರ್ಧ ಸತ್ಯ. ಜಿಎ4ನಲ್ಲಿ ಹೊಸ ಪ್ರಾಪರ್ಟಿ ಮಾಡಿದಾಗ ಡೇಟಾ ರಿಟೆನ್ಶನ್ (ಹಳೆಯ ಡೇಟಾ ಇಟ್ಟುಕೊಳ್ಳುವ ಅವಧಿ) 2 ತಿಂಗಳು ಅಂತ ಇರುತ್ತೆ, ಅದನ್ನು 14 ತಿಂಗಳಿಗೆ ಏರಿಸಬಹುದು. ಅದು ಎಕ್ಸ್‌ಪ್ಲೊರೇಶನ್‌ಗಳಿಗೆ, ಅಂದ್ರೆ ನಾವೇ ಕಟ್ಟಿಕೊಳ್ಳುವ ಆಳದ ರಿಪೋರ್ಟ್‌ಗಳಿಗೆ ಅನ್ವಯ. ಮಾಮೂಲಿ ರಿಪೋರ್ಟ್‌ಗಳಲ್ಲಿ ಹಳೆಯ ಒಟ್ಟು ಅಂಕಿ ಸಿಗುತ್ತೆ. ಹೊಸ ಕಂಪನಿಗೆ ಸೇರಿದ ಮೊದಲ ದಿನವೇ ಆ ಸೆಟಿಂಗ್ ನೋಡು. 2 ಅಂತ ಇದ್ದರೆ ಅವತ್ತೇ 14 ಮಾಡಿಸು.

ವಾಸ್ಕೋದಿಂದ | 10:05

ಗೋವಾದಿಂದ ನಮಸ್ಕಾರ. ವಾಸ್ಕೋದಲ್ಲಿ ಇದ್ದೇನೆ, ಅಣ್ಣನ ಜೊತೆ ಸೇರಿ ಎರಡು ಹೋಂಸ್ಟೇ ನಡೆಸುತ್ತೇವೆ. ಅನಲಿಸ್ಟ್ ಇಡುವಷ್ಟು ದೊಡ್ಡವರಲ್ಲ, ನಾನೇ ನೋಡಿಕೊಳ್ಳುತ್ತೇನೆ. ನಮ್ಮ ಸೈಟಿಗೆ ಬರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಡೈರೆಕ್ಟ್ ಅಂತ ತೋರಿಸುತ್ತೆ. ಇಷ್ಟು ಜನ ನಮ್ಮ ಸೈಟ್ ಹೆಸರನ್ನು ಬಾಯಿಪಾಠ ಮಾಡಿ ಟೈಪ್ ಮಾಡ್ತಾರಾ?

ನೆರೂಲ್ ನಿವಾಸಿ | 10:18

ಇಲ್ಲ. ಡೈರೆಕ್ಟ್ ಅಂದ್ರೆ ಎಲ್ಲಿಂದ ಬಂದರು ಅಂತ ತಿಳಿಯಲಿಲ್ಲ ಅಂತ ಅರ್ಥ ಮಾಡಿಕೊಳ್ಳಿ. ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸ್ತೀರಾ?

ವಾಸ್ಕೋದಿಂದ | 10:20

ದಿನಾ. ಬಂದು ಹೋದ ಗಿರಾಕಿಗಳೇ ಅವರವರ ಗ್ರೂಪ್‌ಗೆ ಕಳಿಸುತ್ತಾರೆ.

ನೆರೂಲ್ ನಿವಾಸಿ | 10:33

ಅಲ್ಲಿಗೆ ಸಿಕ್ಕಿತು. ವಾಟ್ಸಾಪ್ ಆಪ್‌ನಿಂದ ಒತ್ತಿ ಬಂದವರ ಜೊತೆ ಎಲ್ಲಿಂದ ಬಂದರು ಅನ್ನುವ ವಿಳಾಸ ಸಾಮಾನ್ಯವಾಗಿ ಬರುವುದಿಲ್ಲ. ನೀವು ಕಳಿಸುವ ಲಿಂಕ್‌ಗೆ ಯುಟಿಎಂ ಸೇರಿಸಿ. 2005ರಲ್ಲಿ ಗೂಗಲ್ ಕೊಂಡ ಅರ್ಚಿನ್ (Urchin) ಅನ್ನುವ ಕಂಪನಿಯಿಂದ ಬಂದ ಪದ ಅದು, ಮೊದಲ ಅಕ್ಷರ ಆ ಅರ್ಚಿನ್‌ದೇ. ಲಿಂಕ್‌ನ ಬಾಲಕ್ಕೆ ಸೋರ್ಸ್, ಮೀಡಿಯಂ, ಕ್ಯಾಂಪೇನ್ ಅಂತ ಮೂರು ಚೀಟಿ ಕಟ್ಟಿದ ಹಾಗೆ. ಗಿರಾಕಿ ಅದೇ ಲಿಂಕ್ ಮುಂದಕ್ಕೆ ಕಳಿಸಿದರೂ ಚೀಟಿ ಜೊತೆಗೇ ಹೋಗುತ್ತೆ.

ಒಂದು ಎಚ್ಚರ. ಇವತ್ತು ಕ್ಯಾಪಿಟಲ್ ಅಕ್ಷರದಲ್ಲಿ, ನಾಳೆ ಸಣ್ಣಕ್ಷರದಲ್ಲಿ ಬರೆದರೆ ಎರಡು ಬೇರೆ ಬೇರೆ ಸೋರ್ಸ್ ಆಗಿ ಬೀಳುತ್ತೆ. ಯಾವಾಗಲೂ ಸಣ್ಣಕ್ಷರ. ನಿಮ್ಮ ಸೈಟ್ ಒಳಗಿನ ಬಟನ್‌ಗಳಿಗೆ ಮಾತ್ರ ಕಟ್ಟಬೇಡಿ, ಬಂದವರ ನಿಜವಾದ ಮೂಲ ಕಲಸಿಹೋಗುತ್ತೆ.

ವಾಗ್ಳೆ ಟ್ಯಾಗ್ | 10:41

ಬುಕಿಂಗ್ ದುಡ್ಡು ಆನ್‌ಲೈನ್ ತಗೊಳ್ತೀರಾದರೆ ಇನ್ನೊಂದು. ಗಿರಾಕಿ ಹಣ ಕಟ್ಟಲು ಪೇಮೆಂಟ್ ಗೇಟ್‌ವೇ ಪೇಜ್‌ಗೆ ಹೋಗಿ, ಒಟಿಪಿ ಹಾಕಿ, ನಿಮ್ಮ ಸೈಟಿಗೆ ವಾಪಸ್ ಬರುತ್ತಾರೆ. ಸರಿಯಾಗಿ ಸೆಟ್ ಮಾಡದಿದ್ದರೆ ಬುಕಿಂಗ್‌ನ ಶ್ರೇಯ ಗೇಟ್‌ವೇಗೇ ಹೋಗಬಹುದು. ನಾನು ನೋಡಿದ ಒಂದು ಸೈಟಿನಲ್ಲಿ ಅತ್ಯುತ್ತಮ ರೆಫರಲ್ ಪಾರ್ಟ್‌ನರ್ (ಗಿರಾಕಿಗಳನ್ನು ಕಳಿಸಿಕೊಡುವ ಸೈಟ್) ಅಂತ ಬ್ಯಾಂಕಿನ ಪೇಜನ್ನೇ ಪ್ರೆಸೆಂಟೇಶನ್‌ಗೆ ಹಾಕಿದ್ದರು. ಅನ್‌ವಾಂಟೆಡ್ ರೆಫರಲ್ಸ್ ಪಟ್ಟಿಗೆ ಗೇಟ್‌ವೇ ಡೊಮೇನ್ ಸೇರಿಸಿ. ಹಾಗೇ ಥ್ಯಾಂಕ್ ಯು ಪೇಜ್ ಎರಡು ಸಲ ಲೋಡ್ ಆದರೆ ಒಂದು ಬುಕಿಂಗ್ ಎರಡಾಗಿ ಎಣಿಸದ ಹಾಗೆ ಪ್ರತಿ ವಹಿವಾಟಿಗೂ ಬೇರೆ ಟ್ರಾನ್ಸಾಕ್ಷನ್ ಐಡಿ ಕಳಿಸಿ.

ವಾಸ್ಕೋದಿಂದ | 10:44

ನಿಮಗೆಲ್ಲ ದೇವರು ಒಳ್ಳೇದು ಮಾಡಲಿ. ಇಡೀ ಭಾನುವಾರ ಇದೇ ಕೆಲಸ ಇನ್ನು.

ಡೊಂಬಿವ್ಲಿ ಫಾಸ್ಟ್ | 11:20

ನಾನು ಸಂಬಳದ ವಿಷಯಕ್ಕೆ ಬರುತ್ತೇನೆ, ಯಾರೂ ಮಾತಾಡಲಿಲ್ಲ. ವರ್ಷಕ್ಕೆ 3.6 ಅಂದ್ರೆ ತಿಂಗಳಿಗೆ 30 ಸಾವಿರ, ಪಿಎಫ್ ಕಳೆದು ಕೈಗೆ ಇನ್ನೂ ಕಮ್ಮಿ. ಅಕ್ಕಲಕೋಟೆಯಿಂದಲೋ ರತ್ನಾಗಿರಿಯಿಂದಲೋ ಬಂದ ಹುಡುಗ ಥಾಣೆಯಲ್ಲಿ ರೂಮ್ ಮಾಡಿ, ಊಟ ಮಾಡಿ, ಮನೆಗೆ ಏನು ಕಳಿಸುತ್ತಾನೆ? ಡೇಟಾ ಕೇಳಿ ತೆಗೆಯುವ ಎಸ್‌ಕ್ಯೂಎಲ್ ಬೇಕು, ಸೈಟಿಗೆ ಎಣಿಕೆಯ ಕೋಡ್ ಹಾಕುವ ಟ್ಯಾಗ್ ಮ್ಯಾನೇಜರ್ ಬೇಕು, ಎಲ್ಲಾ ಬೇಕು, ಸಂಬಳ ಮಾತ್ರ ಇಷ್ಟು!

ಥಾಣೆ ಕನ್ನಡಿಗ | 11:35

ನಿಮ್ಮ ಮಾತು ಒಪ್ಪುತ್ತೇನೆ. ಸಂಬಳ ನನ್ನ ಕೈಯಲ್ಲಿಲ್ಲ. ಆದರೆ ಎಸ್‌ಕ್ಯೂಎಲ್, ಟ್ಯಾಗ್ ಮ್ಯಾನೇಜರ್ ಎರಡನ್ನೂ ಜಾಹೀರಾತಿನಿಂದ ತೆಗೆಸಿದ್ದೇನೆ. ಅವನ್ನು ಇಲ್ಲಿ ಕಲಿಸುತ್ತೇವೆ. ಆರು ತಿಂಗಳಿಗೆ ಸಂಬಳ ಮತ್ತೆ ನೋಡಬೇಕು ಅಂತ ಆಫರ್ ಲೆಟರ್‌ನಲ್ಲೇ ಬರೆಸಲು ಕೇಳುತ್ತೇನೆ.

ಡೊಂಬಿವ್ಲಿ ಫಾಸ್ಟ್ | 11:37

ಬಾಯಿಮಾತು ಬೇಡ, ಬರೆಸಿಯೇ ಬಿಡಿ.

ಮಾಟುಂಗ ಕಾಫಿ | 11:58

ಕಲಿಸುತ್ತೇವೆ ಅಂದಿರಲ್ಲ, ಆ ಮಾತು ನನಗೆ ಹಿಡಿಸಿತು. ನಾನು ಹದಿನಾಲ್ಕನೇ ವಯಸ್ಸಿಗೆ ಉಡುಪಿ ಕಡೆಯಿಂದ ಬಂದವನು. ಹಗಲು ಹೋಟೆಲಿನಲ್ಲಿ ಕಪ್ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಗೆ ಓಡುತ್ತಿದ್ದೆ. ಅಂಗಿ ತೋಳಿಗೆ ಸಾಂಬಾರಿನ ವಾಸನೆ ಹಾಗೇ ಇರುತ್ತಿತ್ತು. ಮೇಷ್ಟ್ರು ಒಂದು ದಿನವೂ ಅದಕ್ಕೆ ಮುಖ ಸಿಂಡರಿಸಲಿಲ್ಲ. ನನ್ನ ಹಾಗೆ ಸಾವಿರಾರು ಹುಡುಗರು ಈ ಊರಲ್ಲಿ ಹಾಗೆ ಓದಿ ಬ್ಯಾಂಕು, ಆಫೀಸು ಸೇರಿದರು. ಮೊದಲ ಯಜಮಾನರು ನನಗೆ ಗಲ್ಲಾಪೆಟ್ಟಿಗೆ ಕೊಟ್ಟದ್ದು ಸರ್ಟಿಫಿಕೇಟ್ ನೋಡಿ ಅಲ್ಲ. ಒಂದು ರಾತ್ರಿ ಲೆಕ್ಕದಲ್ಲಿ ಎರಡು ರೂಪಾಯಿ ಜಾಸ್ತಿ ಬಂತು ಅಂತ ನಾನು ನಿದ್ದೆ ಬಿಟ್ಟು ಕೂತಿದ್ದೆ. ಕಮ್ಮಿ ಬಂದದ್ದಲ್ಲ, ಜಾಸ್ತಿ. ಅದನ್ನು ನೋಡಿ ಕೊಟ್ಟರು.

ಹಿಂಜೇವಾಡಿ ಅಕ್ಕ | ಮಧ್ಯಾಹ್ನ 12:06

ಮಾಮ, ನಾನು ಹುಡುಕುವುದು ಅದೇ ಗುಣ. ಅಂಕಿ ಬಿದ್ದಾಗ ಎಲ್ಲರೂ ಪರೀಕ್ಷೆ ಮಾಡುತ್ತಾರೆ. ಏಕಾಏಕಿ ಏರಿದಾಗ ಕೇಕ್ ಕತ್ತರಿಸುತ್ತಾರೆ. ಒಂದೇ ಪೇಜ್‌ನಲ್ಲಿ ಎರಡು ಟ್ಯಾಗ್ (ಎಣಿಸುವ ಕೋಡ್) ಬಿದ್ದು ಎಲ್ಲ ಎರಡೆರಡು ಸಲ ಎಣಿಕೆಯಾಗುತ್ತಿದೆ ಅಂತ ಆಮೇಲೆ ಗೊತ್ತಾಗುತ್ತೆ.

ಲೆಕ್ಕದ ಮೇಡಂ | 12:40

ಪುಣೆಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಒಂದು ಲೆಕ್ಕ ಕೊಡುತ್ತೇನೆ, ಇಂಟರ್ವ್ಯೂನಲ್ಲಿ ಕಾಗದ, ಪೆನ್ನು ಕೊಟ್ಟು ಕೇಳಿ. ಅಂಕಿಗಳು ನಾನೇ ಕಟ್ಟಿದ್ದು.

ಹೋದ ತಿಂಗಳು: ಕಂಪ್ಯೂಟರ್‌ನಿಂದ 4,000 ಜನ ಬಂದರು, 160 ಜನ ಕೊಂಡರು. ಮೊಬೈಲ್‌ನಿಂದ 6,000 ಬಂದರು, 60 ಕೊಂಡರು. ಈ ತಿಂಗಳು: ಕಂಪ್ಯೂಟರ್‌ನಿಂದ 3,000, ಕೊಂಡವರು 135. ಮೊಬೈಲ್‌ನಿಂದ 17,000, ಕೊಂಡವರು 204.

ಒಟ್ಟು ಕನ್ವರ್ಷನ್ ಶೇ. 2.2ರಿಂದ ಸುಮಾರು 1.7ಕ್ಕೆ ಇಳಿದಿದೆ. ಬಾಸ್ ಸಿಟ್ಟಾಗಿದ್ದಾರೆ. ಆದರೆ ಬಿಡಿಸಿ ನೋಡಿ. ಕಂಪ್ಯೂಟರ್‌ನಲ್ಲಿ ಶೇ. 4ರಿಂದ 4.5ಕ್ಕೆ ಏರಿದೆ. ಮೊಬೈಲ್‌ನಲ್ಲಿ ಶೇ. 1ರಿಂದ 1.2ಕ್ಕೆ ಏರಿದೆ. ಎರಡೂ ಕಡೆ ಏರಿ, ಒಟ್ಟು ಇಳಿಯುವುದು ಹೇಗೆ? ಕಡಿಮೆ ಕೊಳ್ಳುವ ಮೊಬೈಲ್ ಜನರ ಪಾಲು ಜಾಸ್ತಿ ಆಯಿತು, ಅಷ್ಟೇ. ನಮ್ಮಲ್ಲಿ ಇದಕ್ಕೆ ಸಿಂಪ್ಸನ್ ವಿರೋಧಾಭಾಸ ಅನ್ನುತ್ತೇವೆ. ಹೆಸರು ಗೊತ್ತಿರಬೇಕು ಅಂತಿಲ್ಲ. ಒಟ್ಟು ಅಂಕಿ ಕೊಟ್ಟಾಗ "ಇದನ್ನು ಬಿಡಿಸಿ ಕೊಡ್ತೀರಾ?" ಅಂತ ಕೇಳುವ ವಿದ್ಯಾರ್ಥಿಗೆ ನಾನು ಪೂರ್ತಿ ಮಾರ್ಕ್ಸ್ ಕೊಡುತ್ತೇನೆ.

ಹಡಪ್ಸರ ಹೊಸಬಿ | 12:52

ಮೇಡಂ, ಪೆನ್ನಿನಲ್ಲಿ ಮಾಡಿ ನೋಡಿದೆ. ಸರಿಯಾಗಿ ಬಂತು! ಆದರೆ ಒಂದೇ ಮನುಷ್ಯ ಮೊಬೈಲ್‌ನಲ್ಲಿ ನೋಡಿ ಕಂಪ್ಯೂಟರ್‌ನಲ್ಲಿ ಕೊಂಡರೆ?

ಲೆಕ್ಕದ ಮೇಡಂ | 12:58

ಒಳ್ಳೆಯ ಪ್ರಶ್ನೆ. ಲಾಗಿನ್ ಆಗದಿದ್ದರೆ ಸಾಮಾನ್ಯವಾಗಿ ಇಬ್ಬರು ಅಂತಲೇ ಎಣಿಕೆ. ಅನಲಿಟಿಕ್ಸ್ ಎಣಿಸುವುದು ಬ್ರೌಸರ್‌ಗಳನ್ನು, ಮನುಷ್ಯರನ್ನಲ್ಲ. ಹಾಗಾಗಿ ಮೊಬೈಲ್‌ನ ಶೇ. 1 ನೋಡಿ ಮೊಬೈಲ್ ಕೆಲಸಕ್ಕೆ ಬಾರದ್ದು ಅಂತ ತೀರ್ಮಾನಿಸುವುದೂ ತಪ್ಪು. ನನ್ನ ಲೆಕ್ಕಕ್ಕಿಂತ ನಿನ್ನ ಪ್ರಶ್ನೆ ಮುಂದಿದೆ.

ಥಾಣೆ ಕನ್ನಡಿಗ | ರಾತ್ರಿ 8:50

ಎಲ್ಲ ಎರಡೆರಡು ಸಲ ಓದಿದೆ. ನಾನೂ ಒಂದು ಪ್ರಶ್ನೆ ಮಾಡಿದ್ದೇನೆ, ನೋಡಿ ಹೇಳಿ. ನಮ್ಮದೇ ಡೇಟಾ, ಆದರೆ ಮೂರು ಸಾಲು ಅಷ್ಟೇ. ಮೋದಕದ ಅಚ್ಚಿನ ಪೇಜ್‌ಗೆ 2024ರ ಸೆಪ್ಟೆಂಬರ್‌ನಲ್ಲಿ ಬಂದಷ್ಟು ಜನ 2025ರ ಸೆಪ್ಟೆಂಬರ್‌ನಲ್ಲಿ ಬರಲಿಲ್ಲ. ಯಾಕೆ?

ವಾಸ್ಕೋದಿಂದ | 8:54

ಚೌತಿ! 2024ರಲ್ಲಿ ಸೆಪ್ಟೆಂಬರ್ 7ಕ್ಕೆ ಇತ್ತು, 2025ರಲ್ಲಿ ಆಗಸ್ಟ್ 27ಕ್ಕೆ. ನಮ್ಮ ರೂಮ್‌ಗಳೂ ಹಾಗೇ. ಗೋವಾದವರು ಚೌತಿಗೆ ಊರ ಮನೆಯಲ್ಲೇ ಇರುತ್ತಾರೆ. ತಿಂಗಳಿಗೆ ತಿಂಗಳು ಹೋಲಿಸಿ ಒಂದು ವರ್ಷ ಸುಮ್ನೆ ಹೆದರಿದ್ದೆ.

ಹಿಂಜೇವಾಡಿ ಅಕ್ಕ | 9:03

ಪ್ರಶ್ನೆ ತುಂಬಾ ಚೆನ್ನಾಗಿದೆ. ಯಾವ ಕೋರ್ಸ್‌ನಲ್ಲೂ ಇದು ಸಿಗಲ್ಲ, ಮನೆಯಲ್ಲಿ ಬೆಳೆದ ಯಾರಿಗಾದರೂ ಹೊಳೆಯಬಹುದು. ದೀಪಾವಳಿಯೂ ಹೀಗೇ ಅಕ್ಟೋಬರ್, ನವೆಂಬರ್ ಮಧ್ಯೆ ಓಡಾಡುತ್ತೆ. ಹಬ್ಬಕ್ಕೆ 15 ದಿನ ಮೊದಲಿನಿಂದ ಎಣಿಸಿ ಹೋಲಿಸಬೇಕು.

ವಾಗ್ಳೆ ಟ್ಯಾಗ್ | 9:15

ಪ್ರಶ್ನೆಗೆ ಹಾಕುವ ಡೇಟಾದಲ್ಲಿ ಗಿರಾಕಿಗಳ ಫೋನ್ ನಂಬರ್, ಇಮೇಲ್ ಎಲ್ಲೂ ಇಲ್ಲದ ಹಾಗೆ ನೋಡಿಕೊಳ್ಳಿ. ಕೆಲವು ಫಾರ್ಮ್‌ಗಳು ಅವನ್ನು ಪೇಜ್ ವಿಳಾಸದ ಒಳಗೇ ಸೇರಿಸಿಬಿಡುತ್ತವೆ, ಅಲ್ಲಿಂದ ಅನಲಿಟಿಕ್ಸ್‌ಗೂ ಹೋಗುತ್ತೆ. ಗೂಗಲ್‌ನ ನಿಯಮದಲ್ಲೇ ಅದಕ್ಕೆ ಅವಕಾಶ ಇಲ್ಲ. ಮೇಲೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬೇರೆ ಇದೆ.

ಥಾಣೆ ಕನ್ನಡಿಗ | 9:19

ನೋಡಿದೆ, ಇಲ್ಲ. ನೆನಪಿಸಿದ್ದಕ್ಕೆ ಥ್ಯಾಂಕ್ಸ್.

ಥಾಣೆ ಕನ್ನಡಿಗ | ಮುಂದಿನ ಶನಿವಾರ, ಸಂಜೆ 6:30

ಏನಾಯಿತು ಅಂತ ಹೇಳಬೇಕಲ್ವಾ.

ಮೊದಲು ಆ ಹುಡುಗ. ಮತ್ತೆ ಕರೆಸಿ ಲೆಕ್ಕದ ಮೇಡಂ ಅವರ ಕಾಗದ ಕೊಟ್ಟೆ, ಹಿಂಜೇವಾಡಿ ಅಕ್ಕನ ಹಾಗೆ ನಾಲ್ಕು ಸಾಲಿನ ಮೇಲ್ ಬರೆಸಿದೆ. ಎರಡು ಸ್ಪೆಲಿಂಗ್ ತಪ್ಪು. ಆದರೆ ಬಾಸ್‌ಗೆ ಹೇಳಬೇಕಾದ್ದು ಮೊದಲ ಸಾಲಿನಲ್ಲೇ ಇತ್ತು: ಎರಡೂ ಕಡೆ ಮಾರಾಟ ಸುಧಾರಿಸಿದೆ, ಮೊಬೈಲ್ ಜನ ಜಾಸ್ತಿ ಬಂದದ್ದಕ್ಕೆ ಒಟ್ಟು ಇಳಿದ ಹಾಗೆ ಕಾಣುತ್ತಿದೆ. ಆ ಕಾಗದ ಎಚ್‌ಆರ್ ಮುಂದೆ ಇಟ್ಟೆ. ಅವರು ಓದಿ, ಇದನ್ನು ನಾನೂ ಅರ್ಥ ಮಾಡಿಕೊಂಡೆ ಅಂದರು. ಅವನಿಗೆ ಆಫರ್ ಹೋಗಿದೆ. ಆರು ತಿಂಗಳ ಮಾತು ಲೆಟರ್‌ನಲ್ಲಿ ಬರೆಸಿದ್ದೇನೆ, ಡೊಂಬಿವ್ಲಿಯವರೇ.

ಎರಡನೆಯವಳು ಗುರುವಾರ ಬಂದಳು. ಬಿಕಾಂ, ಚಿಪಳೂಣದವಳು. ಮೋದಕದ ಪ್ರಶ್ನೆ ಕೇಳಿದೆ. ಚೌತಿ ಆಗಸ್ಟ್‌ನಲ್ಲಿ ಬಂತಲ್ಲ ಸರ್ ಅಂತ ತಕ್ಷಣ ಹೇಳಿದಳು. ನಾನು ಖುಷಿಯಾಗಿ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆ. ಅವಳು ಕಾಗದ ಬಿಡಲಿಲ್ಲ. ಬೆರಳಿಟ್ಟು ಆಗಸ್ಟ್‌ನ ಸಾಲನ್ನೂ ಕೂಡಿಸಿದಳು. "ಎರಡೂ ತಿಂಗಳು ಸೇರಿಸಿದರೂ ಕಮ್ಮಿ ಇದೆ ಸರ್. ಹಬ್ಬಕ್ಕೆ ಮುಂಚೆ ಅಚ್ಚು ಸ್ಟಾಕ್‌ನಲ್ಲಿ ಇತ್ತಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಮರುದಿನ ಭಿವಂಡಿ ಗೋಡೌನ್‌ಗೆ ಫೋನ್ ಮಾಡಿ ರಿಜಿಸ್ಟರ್ ತೆಗೆಸಿದೆ.

ಹಿಂಜೇವಾಡಿ ಅಕ್ಕ | 6:36

ಇತ್ತಾ?

ಥಾಣೆ ಕನ್ನಡಿಗ | 6:41

ಇರಲಿಲ್ಲ ಅಕ್ಕ. ಆಗಸ್ಟ್ 20ರಿಂದ ಆರು ದಿನ ಖಾಲಿ. ಸ್ಟಾಕ್ ಇಲ್ಲ ಅಂತ ಆದ ಕೂಡಲೇ ಶಾಪಿಂಗ್ ಜಾಹೀರಾತೂ ತಾನಾಗಿ ನಿಂತುಹೋಗಿದೆ, ಅದಕ್ಕೇ ಪೇಜ್‌ಗೆ ಜನ ಬಂದಿಲ್ಲ. ಒಂದು ವರ್ಷದಿಂದ ನಾನು ಹಬ್ಬದ ತಾರೀಖು ಅಂತ ಹೇಳಿ ಆ ರಿಪೋರ್ಟ್ ಮುಚ್ಚಿದ್ದೆ. ಈಗ ಸ್ಟಾಕ್‌ನ ಮಾಹಿತಿಯನ್ನೂ ರಿಪೋರ್ಟ್ ಪಕ್ಕಕ್ಕೆ ತರುತ್ತಿದ್ದೇವೆ. ಅದೇ ಅವಳ ಮೊದಲ ಕೆಲಸ.

ಮಾಟುಂಗ ಕಾಫಿ | 6:50

ಅವಳ ಕೈಗೆ ಗಲ್ಲಾಪೆಟ್ಟಿಗೆ ಕೊಡಿ ಮಾರಾಯ್ರೆ.

ಲೆಕ್ಕದ ಮೇಡಂ | 7:02

ಹಡಪ್ಸರ ಹೊಸಬಿ, ನಿನ್ನದು ಏನಾಯಿತು?

ಹಡಪ್ಸರ ಹೊಸಬಿ | 7:10

ಬುಧವಾರ ಹಿಂಜೇವಾಡಿ ಅಕ್ಕನ ಆಫೀಸಿನಲ್ಲಿ ಇಂಟರ್ವ್ಯೂ ಇದೆ ಮೇಡಂ. ಅಕ್ಕ ಪ್ಯಾನೆಲ್‌ನಲ್ಲಿ ಇರಲ್ಲ ಅಂತ ಮೊದಲೇ ಹೇಳಿದ್ದಾರೆ. ಡೆಮೊ ಅಕೌಂಟ್‌ನಲ್ಲಿ ದಿನಾ ಕೂರುತ್ತಿದ್ದೇನೆ.

ಥಾಣೆ ಕನ್ನಡಿಗ | 7:18

ಒಳ್ಳೇದಾಗಲಿ ತಂಗಿ. ಇಬ್ಬರೂ ಒಂದನೇ ತಾರೀಖು ಸೇರುತ್ತಾರೆ. ಚಿಪಳೂಣದ ಹುಡುಗಿಗೆ ವಾಗ್ಳೆ ಎಸ್ಟೇಟ್ ಹತ್ತಿರ ಹೆಣ್ಣುಮಕ್ಕಳ ಪಿಜಿ ಬೇಕು. ಊಟ ಸಿಗುವಂಥದ್ದು. ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.

ವಾಗ್ಳೆ ಟ್ಯಾಗ್ | 7:25

ನನ್ನ ಹೆಂಡತಿಯ ಸಹೋದ್ಯೋಗಿ ಲೂಯಿಸ್‌ವಾಡಿಯಲ್ಲಿ ಇದ್ದಾರೆ, ಬಾಡಿಗೆ ವಿಚಾರಿಸಿ ನಾಳೆ ಹೇಳುತ್ತೇನೆ.